ಹಿಂದಕ್ಕೆ ಸರಿಸಿದ ತಾರೀಖು

ದಿನಾ ಬೆಳಗ್ಗೆ ಕಂಪ್ಯೂಟರ್ ಚಾಲೂ ಮಾಡಿದ ಮೇಲೆ ನಾನು ಮಾಡುವ ಮೊದಲ ಕೆಲಸ ಅದರ ತಾರೀಖನ್ನು ಹಿಂದಕ್ಕೆ ಸರಿಸುವುದು. ಹೊರಗೆ ಯಾವ ವರ್ಷವೇ ನಡೆದಿರಲಿ, ಅದರೊಳಗೆ ನಾನು ಸೊಸೆಯಾಗಿ ಬಂದ ವರ್ಷದ ಶ್ರಾವಣ ಬರಬೇಕು. ಆಮೇಲೆ ವಿಳಾಸಗಳ ಪ್ರೋಗ್ರಾಮು ತೆರೆಯಬೇಕು. ತಾರೀಖು ಸರಿಸುವುದನ್ನು ಮರೆತು ತೆರೆದರೆ ಅದು ಬಾಗಿಲು ಹಾಕಿಕೊಂಡು ಕುಳಿತುಬಿಡುತ್ತದೆ, ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಮರೆಯದೆ ಇವತ್ತಿನ ತಾರೀಖಿಗೆ ವಾಪಸು ತರಬೇಕು, ಯಾಕೆಂದರೆ ಅಂಗಡಿಯ ಬಿಲ್ಲುಗಳೂ ಅದೇ ಯಂತ್ರದಲ್ಲಿ. ಇದನ್ನು ಓದಿ ನಿಮಗೆ ನಗು ಬಂದರೆ ನಗಿರಿ. ನನಗೂ ಮೊದಲ ಎರಡು ವರ್ಷ ನಗು ಬರುತ್ತಿತ್ತು.

ಬ್ಯಾಡಗಿಯಲ್ಲಿ ನಮ್ಮ ಮಾವನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನನ್ನ ತವರು ರಾಣೆಬೆನ್ನೂರು. ಡಿಗ್ರಿ ಮುಗಿಸಿ, ಹಾವೇರಿಗೆ ಓಡಾಡಿ ಕಂಪ್ಯೂಟರ್ ಕೋರ್ಸು ಮಾಡಿಕೊಂಡಿದ್ದೆ. ಕನ್ಯೆ ನೋಡಲು ಬಂದವರು ಅಡಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುವುದು ರೂಢಿ. ಮಾವನವರು ಕೇಳಿದ್ದೇ ಬೇರೆ.

"ಕಂಪ್ಯೂಟರಿನ್ಯಾಗ ಕನ್ನಡ ಟೈಪ್ ಮಾಡಾಕ ಬರ್ತತೇನವಾ?"

"ಬರ್ತತ್ರಿ" ಎಂದೆ. ಎಷ್ಟು ಜಂಬದಿಂದ ಹೇಳಿದೆನೆಂದರೆ ನನ್ನ ಅವ್ವ ಹಿಂದಿನಿಂದ ಸೆರಗು ಜಗ್ಗಿದಳು. ಇನ್ನೂ ಸ್ವಲ್ಪ ಜೋರಾಗಿ ಜಗ್ಗಬಾರದಿತ್ತೇ ಎಂದು ಈಗ ಅನಿಸುತ್ತದೆ.

ದೀಪಾವಳಿಗೆ ನಮ್ಮ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ನಮ್ಮಲ್ಲಿ ಕಾಯಿ ಮಾರುವ ರೈತರಿಗೆಲ್ಲ ಅಂಚೆಯಲ್ಲಿ ಆಮಂತ್ರಣ ಹೋಗಬೇಕು. ಫೋನಿನಲ್ಲಿ ಕಳಿಸಿದರಾಯಿತು ಎಂದು ಈಚೆಗೆ ನನ್ನ ಗಂಡ ಹೇಳಿ ನೋಡಿದರು. "ಫೋನಿನ್ಯಾಗಿಂದು ಫೋನಿನ್ಯಾಗ ಉಳೀತತಿ. ಮನಿಗೆ ಹೋಗಬೇಕಪಾ ಅದು, ದೇವರ ಮುಂದ ಇಡಬೇಕು" ಎಂದು ಮಾವನವರು ಮಾತು ಮುಗಿಸಿದರು. ವರ್ಷವಿಡೀ ವಿಳಾಸ ಸೇರಿಸುವುದು, ತಿದ್ದುವುದು ನಡೆದೇ ಇರುತ್ತದೆ. ಅಣ್ಣತಮ್ಮಂದಿರು ಬೇರೆಯಾದರೆ ಒಂದು ವಿಳಾಸ ಎರಡಾಗುತ್ತದೆ. ಹಿರಿಯರು ತೀರಿಕೊಂಡರೆ ಮಗನ ಹೆಸರು ಬರುತ್ತದೆ.

ಆ ಪ್ರೋಗ್ರಾಮನ್ನು ನಾನೇ ಹಾಕಿದ್ದು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿತ್ತು. ಶೇರ್‌ವೇರ್ ಅನ್ನುತ್ತಾರಲ್ಲ, ಆ ಜಾತಿಯದು: ಒಂದು ತಿಂಗಳು ಸುಮ್ಮನೆ ಬಳಸಿ, ಹಿಡಿಸಿದರೆ ದುಡ್ಡು ಕಳಿಸಿ. ಮಾವನವರು ಕಂಪ್ಯೂಟರಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ನಾನು ಸಿಡಿ ಹಾಕಿ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತುತ್ತ ಹೋದೆ. ಅದಕ್ಕೆ ಕನ್ನಡ ಗೊತ್ತಿರಲಿಲ್ಲ. ಟೈಪಿಂಗ್ ಅಂಗಡಿಯವರ ಹಳೆಯ ಕನ್ನಡ ಅಕ್ಷರಗಳನ್ನು ತಂದು ಕೂರಿಸಿದೆ. ಮೊದಲ ವಿಳಾಸ ಕುಪ್ಪೇಲೂರಿನದು. ಪರದೆಯ ಮೇಲೆ ಊರಿನ ಹೆಸರು ಕನ್ನಡದಲ್ಲಿ ಮೂಡಿದಾಗ ಮಾವನವರು ಅತ್ತೆಯನ್ನು ಒಳಗಿನಿಂದ ಕರೆಸಿ ತೋರಿಸಿದರು. ಸೊಸೆ ಬಂದು ತಿಂಗಳಾಗಿರಲಿಲ್ಲ. ನನಗೆ ಆಕಾಶ ಮೂರೇ ಗೇಣು.

ತಿಂಗಳು ಮುಗಿಯುತ್ತ ಬಂದಂತೆ ಅದು ಎಚ್ಚರಿಕೆ ಕೊಡತೊಡಗಿತು. ದುಡ್ಡು ಕಳಿಸಬೇಕಾದದ್ದು ಯಾವುದೋ ದೂರದ ದೇಶಕ್ಕೆ, ಅಲ್ಲಿಯ ನಾಣ್ಯದಲ್ಲಿ. ಹೇಗೆ ಕಳಿಸುವುದೆಂದು ಬ್ಯಾಡಗಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಗ ನನಗೆ ಹೊಳೆದದ್ದು ತಾರೀಖಿನ ಉಪಾಯ. ಹಿಂದಕ್ಕೆ ಸರಿಸಿ ತೆರೆದೆ, ತೆರೆಯಿತು. ಮನೆಮಂದಿಯೆಲ್ಲ ಮೆಚ್ಚಿದರು. ಅವತ್ತೇ ಅತ್ತೆ ಸಾರಿಬಿಟ್ಟರು:

"ಇನ್ನ ಅದನ್ನ ಯಾರೂ ಮುಟ್ಟಬ್ಯಾಡ್ರಿ. ಅದು ಅಕಿ ಕೈಗೇ ಬಗ್ಗೂದು."

ಆ ಯಂತ್ರಕ್ಕೆ ನಾನು ಕಟ್ಟಿಬಿದ್ದದ್ದು ಹೀಗೆ. ರಾಣೆಬೆನ್ನೂರು ಏನು ಮಹಾ ದೂರ? ಆದರೂ ತವರಿಗೆ ಬೆಳಗ್ಗೆ ಹೋದರೆ ಸಂಜೆಗೆ ವಾಪಸು. ತಂಗಿಯ ಸೀಮಂತದಲ್ಲಿ ಊಟಕ್ಕೆ ಕುಳಿತಾಗಲೂ, ನನ್ನ ಗಂಡ ಮರೆತು ಆ ಪ್ರೋಗ್ರಾಮನ್ನು ಎಲ್ಲಿ ಒತ್ತಿಬಿಡುತ್ತಾರೋ ಎಂಬ ಚಿಂತೆ. ಒಮ್ಮೆ ನಾನೇ ತಾರೀಖನ್ನು ಮುಂದಕ್ಕೆ ತರುವುದನ್ನು ಮರೆತೆ. ಐರಣಿಯ ರೈತರೊಬ್ಬರಿಗೆ ಹಳೆಯ ತಾರೀಖಿನ ಬಿಲ್ಲು ಹೋಯಿತು. ಮರುದಿನ ಅವರು ಬಿಲ್ಲು ಹಿಡಿದು ಬಂದರು. "ಸಾವ್ಕಾರ್ರ, ಇದರ ಪ್ರಕಾರ ನನ್ನ ಲಗ್ನಾನ ಆಗಿಲ್ಲ. ಮನ್ಯಾಗ ಇರಾಕಿ ಯಾರ್ರಿ ಹಂಗಾದ್ರ?" ಎಂದರು. ಅಂಗಡಿಯೆಲ್ಲ ನಕ್ಕಿತು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಬಿಡಿಸಿಕೊಳ್ಳಲು ನೋಡಲಿಲ್ಲವೆಂದಲ್ಲ. ದುಡ್ಡು ಕೊಡೋಣವೆಂದು ಹುಡುಕಿದರೆ ಅಷ್ಟರಲ್ಲಿ ಆ ಕಂಪನಿಯೇ ಇರಲಿಲ್ಲ. ವಿಳಾಸಗಳನ್ನು ಹೊಸ ಕಂಪ್ಯೂಟರಿಗೆ ಸಾಗಿಸಲು ಹೋದರೆ, ದುಡ್ಡು ಕೊಡದವರಿಗೆ ಆ ಸೌಲಭ್ಯವಿಲ್ಲ ಎಂದಿತು. ಒಂದೊಂದನ್ನೇ ಎತ್ತಿ ಅಂಟಿಸಿ ನೋಡಿದೆ. ಹಳೆಯ ಅಕ್ಷರಗಳು ಹೊಸ ಯಂತ್ರಕ್ಕೆ ತಿಳಿಯದೆ ಕುಪ್ಪೇಲೂರು ಎಂಬುದು ಡಾಲರ್ ಗುರುತು, ಪ್ರಶ್ನೆ ಗುರುತುಗಳ ಸಾಲಾಯಿತು. ಎಲ್ಲವನ್ನೂ ಹೊಸದಾಗಿ ಟೈಪ್ ಮಾಡುತ್ತೇನೆ ಎಂದೆ. "ಹಬ್ಬ ಆಗಲಿ ತಡಿಯವಾ" ಎಂದರು ಮಾವನವರು. ಹಬ್ಬ ಮುಗಿದರೆ ಕಾಯಿಯ ಹಂಗಾಮು. ಹಂಗಾಮು ಮುಗಿದರೆ ಮದುವೆಗಳು. ಮೆಣಸಿನ ಧೂಳಿಗೆ ಕೀಲಿಮಣೆ ಕೆಂಪಾಗುತ್ತಿತ್ತು, ನಾನು ಸೀನುತ್ತ ಒರೆಸುತ್ತಿದ್ದೆ.

ಈ ವರ್ಷ ಹಾವೇರಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸವಿದೆ ಎಂದು ಕೋರ್ಸಿನ ಗೆಳತಿ ಹೇಳಿದಳು. ಯಾರಿಗೂ ಹೇಳದೆ ಹೋಗಿ ಕಂಡುಬಂದೆ. ಹೆಡ್‌ಮಿಸ್ಸು ಎರಡೇ ಮಾತಿನಲ್ಲಿ ಒಪ್ಪಿದರು. "ಸೋಮವಾರದಿಂದ ಬರ್ರಿ. ಮನ್ಯಾಗ ಕೇಳಿಕೊಳ್ರಿ, ಶನಿವಾರ ನಾನಽ ಫೋನ್ ಮಾಡ್ತೇನಿ" ಎಂದರು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಸೀಟು ಸಿಕ್ಕಿತ್ತು. ಇಷ್ಟು ವರ್ಷಗಳಲ್ಲಿ ನನ್ನದೇ ಎನ್ನುವಂಥದ್ದು ಏನನ್ನೂ ನಾನು ಬಯಸಿರಲಿಲ್ಲ. ಇದನ್ನು ಬಯಸಿದೆ.

ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಅದೇ ತೊಂದರೆ.

"ಹೋಗವಾ, ಬ್ಯಾಡ ಅನ್ನಾಂವ ನಾನಲ್ಲ. ಆದ್ರ ಈ ಅಡ್ರೆಸ್ಸು ಯಾರು ನೋಡಾವ್ರು?" ಎಂದರು ಮಾವನವರು. ಅತ್ತೆ ಅವರ ಮುಖ ನೋಡಿದರು. ನನ್ನ ಗಂಡ, "ನಂಗಂತೂ ಅದು ತಿಳಿಯೂದಿಲ್ಲ ಬಿಡು" ಎಂದು ಕೈಚೆಲ್ಲಿದರು.

ಅದೇ ವಾರ ರಾಣೆಬೆನ್ನೂರಿನಲ್ಲಿ ಅವ್ವನಿಗೆ ಕಣ್ಣಿನ ಆಪರೇಶನ್. ರಾತ್ರಿ ಉಳಿಯಲೇಬೇಕಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವಳಿಗೆ ಅವ್ವನ ಕಣ್ಣಿಗಿಂತ ಆ ಹಾಳು ಪ್ರೋಗ್ರಾಮಿನದೇ ಚಿಂತೆ. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಶುಕ್ರವಾರ ಬ್ಯಾಡಗಿಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಲೇ ಕಂಡೆ: ಮೇಜಿನ ಮೇಲೆ ವಿಳಾಸದ ಚೀಟಿಗಳ ಹಾಳೆ, ಆಗಷ್ಟೇ ಮುದ್ರಿಸಿದ್ದು. ಓಡಿಹೋಗಿ ಕಂಪ್ಯೂಟರ್ ನೋಡಿದೆ. ಇವತ್ತಿನದೇ ತಾರೀಖು. ಹಿಂದಕ್ಕೆ ಸರಿಸಿ ಪ್ರೋಗ್ರಾಮು ಒತ್ತಿದೆ. ಎಂದಿನಂತೆ ತೆರೆಯಿತು. ಹೊಸದಾಗಿ ಒಂದು ವಿಳಾಸವೂ ಸೇರಿತ್ತು.

"ಯಾರು ತೆಗದ್ರಿ ಇದನ್ನ?" ಎಂದೆ.

"ನಾನಽ" ಎಂದರು ಮಾವನವರು.

"ತಾರೀಖು?"

"ಹಿಂದಕ ಮಾಡಿ ತೆಗದೆ, ಮುಗದ ಮ್ಯಾಲೆ ಮುಂದಕ ತಂದೆ. ಬಾಜೂಕ ಕುಂತು ನೋಡಾಕತ್ತು ಎಷ್ಟು ವರ್ಷ ಆತು? ಕಣ್ಣದಾವಲ್ಲ ನಂಗ."

ಮೊದಲು ನನಗಾದದ್ದು ಸಂತೋಷವೇ, ಸುಳ್ಳು ಹೇಳಲಾರೆ. ಕುಣಿಯಬೇಕೆನಿಸಿತು. "ಹಂಗಾರ ಸೋಮವಾರದಿಂದ ನಾ ಹಾವೇರಿಗೆ ಹೋಗಬೌದಲ್ರಿ ಮಾವಾರ?" ಎಂದು ಕೇಳಿಯೇಬಿಟ್ಟೆ.

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು.

"ನೋಡು ತಂಗಿ, ಅಂಗಡಿಗೆ ಬಂದ ಮಂದಿ, ಇಷ್ಟ ಚಂದ ಪತ್ರ ಯಾರು ಕಳಸ್ತಾರ್ರಿ ಅಂತ ಕೇಳ್ತಾರ. ನಮ್ಮ ಸೊಸಿ ಅಂತೇನಿ. ಹಂಗ ಹೇಳೂದು ನಂಗ ಎಷ್ಟು ಚಲೋ ಅನಸ್ತತಿ, ನಿಂಗೇನ ಗೊತ್ತು? ನಾನಽ ಮಾಡತೇನಿ ಅಂದ್ರ ಅದರಾಗೇನೈತಿ?"

ಬೈದಿದ್ದರೆ ಜಗಳಾಡುತ್ತಿದ್ದೆ. ನನ್ನ ನಾಲಿಗೆ ಅಷ್ಟೇನೂ ಮೊಂಡಲ್ಲ, ಅದು ನನ್ನ ಗಂಡನಿಗೆ ಗೊತ್ತು. ಇಷ್ಟು ವರ್ಷ ನನ್ನನ್ನು ಹಿಡಿದಿಟ್ಟದ್ದು ಪ್ರೋಗ್ರಾಮು ಎಂದುಕೊಂಡು ಅದನ್ನು ಶಪಿಸುತ್ತಿದ್ದೆನಲ್ಲ. ಪ್ರೀತಿಯಿಂದ ಕಟ್ಟಿಹಾಕುವವರ ಜೊತೆ ಹೇಗೆ ಜಗಳಾಡುವುದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೂ ಹೋಗುವುದೆಂದೇ ನಿಶ್ಚಯಿಸಿದೆ. ಸೀರೆಗೆ ಇಸ್ತ್ರಿ ಹಾಕಿಟ್ಟೆ. ಶನಿವಾರ ಹೆಡ್‌ಮಿಸ್ಸಿನ ಫೋನು ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಮಾವನವರು ಒಂದು ಮೆಣಸಿನಕಾಯಿ ಮುರಿದು ಬೀಜ ನೋಡುತ್ತಿದ್ದರು. ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು. ಗದರುವ ನೋಟವಲ್ಲ ಅದು. ಸುಮ್ಮನೆ ಕಾಯುತ್ತಿದ್ದರು.

"ಸೋಮವಾರ ಬರ್ತೀರಲ್ರಿ?" ಎಂದರು ಹೆಡ್‌ಮಿಸ್ಸು.

"ಈ ವರ್ಷ ಆಗೂದಿಲ್ರಿ" ಎಂದೆ. ಅದು ನನ್ನದೇ ದನಿ.

"ಯಾಕ್ರಿ? ಮನ್ಯಾಗ ಬ್ಯಾಡ ಅಂದ್ರೇನು?"

"ಇಲ್ರಿ, ಯಾರೂ ಬ್ಯಾಡ ಅಂದಿಲ್ಲ."

"ಮತ್ತೇನ ಅಡಚಣಿ ಐತ್ರಿ?"

ನಾನು ಕಾರಣ ಹುಡುಕಿದೆ. ಹೇಳಬಹುದಾದಂಥದ್ದು ಒಂದೂ ಸಿಗಲಿಲ್ಲ. "ಏನಿಲ್ರಿ" ಎಂದು ಫೋನಿಟ್ಟೆ.

ಮಾವನವರ ಮುಖ ಅರಳಿತು. ಎದ್ದು ಬಾಗಿಲಿಗೆ ಹೋಗಿ ಎದುರಿನ ಹೋಟೆಲಿನವರಿಗೆ, "ನಮ್ಮ ಸೊಸಿಗೆ ಒಂದು ಸ್ಪೆಶಲ್ ಚಾ ಕಳಸ್ರೆಪಾ" ಎಂದು ಕೂಗಿದರು. ಇಷ್ಟು ವರ್ಷಗಳಲ್ಲಿ ನನಗೆಂದು ಅಂಗಡಿಗೆ ಚಹಾ ತರಿಸಿದ್ದು ಅದೇ ಮೊದಲು. ಬಂತು. ಕಪ್ಪು ಹಿಡಿದು ನಿಂತೇ ಇದ್ದೆ. ಅವರು ತಮ್ಮ ಪಕ್ಕದ ಗಾದಿಯನ್ನು ಕೈಯಿಂದ ಝಾಡಿಸಿ ಜಾಗ ಮಾಡಿದರು.

"ಕುಂತ ಕುಡಿಯವಾ. ಈಗ ಎಲ್ಲಿ ಹೋಗೂದೈತಿ?"

ನಾನು ಕುಳಿತೆ.