ಹುಳಿವಸ್ತು ಎಂಬ ತಪ್ಪು ಹೆಸರು

ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದ ಮೊದಲ ವರ್ಷ ನಾನು ದಣಿದಷ್ಟು ಎಂದೂ ದಣಿದಿಲ್ಲ, ಮಾಡಿದ ಕೆಲಸ ಮಾತ್ರ ಏನೂ ಇಲ್ಲ. ಗಂಡನಿಗೆ ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನ್ ಸರ್ಕಾರ ಕೊಡುತ್ತಿದ್ದ ಗ್ರೀನ್ ಕಾರ್ಡ್, ನನ್ನ ಪಾಸ್‌ಪೋರ್ಟಿನಲ್ಲಿ ದುಡಿಯುವಂತಿಲ್ಲ ಎಂಬ ಮುದ್ರೆ. ಧಾರವಾಡದ ಕಾಲೇಜಿನಲ್ಲಿ ಒಂಬತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು ಇಲ್ಲಿ ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜುತ್ತಿದ್ದೆ. ಕೆಲಸವಿಲ್ಲದ ಬಡಗಿಯ ಗಾದೆ ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಅರ್ಜಿಗಳನ್ನೆಲ್ಲ ಗಂಡನೇ ತುಂಬುತ್ತಿದ್ದರು. ಉದ್ಯೋಗ ಎಂಬಲ್ಲಿ ‘ಹೌಸ್‌ಫ್ರೌ’, ಅಂದರೆ ಗೃಹಿಣಿ, ಎಂದು ಗೀಚಿಬಿಡುತ್ತಿದ್ದರು.

ಕೆಳಗಿನ ಮನೆಯಲ್ಲಿ ಹಾಲೆಂಡಿನಿಂದ ಬಂದು ನೆಲೆಸಿದ ಅಜ್ಜಿಯೊಬ್ಬರಿದ್ದರು. ಉಸಿರಾಟದ ತೊಂದರೆ, ಮೂಗಿಗೆ ಸದಾ ಆಮ್ಲಜನಕದ ಯಂತ್ರದ ನಳಿಗೆ. ಅವರ ತರಕಾರಿ ಚೀಲ ಒಳಗಿಟ್ಟುಕೊಟ್ಟ ದಿನ ಆ ಯಂತ್ರ ತೋರಿಸಿ ‘ಝೂರ್‌ಸ್ಟೊಫ್’ ಎಂದರು. ಅವರ ಭಾಷೆಯಲ್ಲಿ ಝೂರ್ ಎಂದರೆ ಹುಳಿ, ಸ್ಟೊಫ್ ಎಂದರೆ ವಸ್ತು. ಜರ್ಮನ್ನರದೂ ಅದೇ ಜೋಡಣೆ. ಗಾಳಿ ಹುಳಿ ಹೇಗಾಯಿತೋ ಈ ವಯಸ್ಸಿಗೂ ಗೊತ್ತಾಗಿಲ್ಲ ಎಂದು ನಕ್ಕರು.

ನನಗೆ ಗೊತ್ತಿತ್ತು. ಹರಕು ಜರ್ಮನ್‌ನಲ್ಲೇ ಶುರು ಹಚ್ಚಿಕೊಂಡೆ. ಆಮ್ಲಗಳೆಲ್ಲ ಈ ಅನಿಲದಿಂದಲೇ ಹುಳಿಯಾಗುತ್ತವೆಂದು ಹಿಂದಿನವರು ನಂಬಿ ಹೆಸರಿಟ್ಟರು. ನಮ್ಮ ಆಮ್ಲಜನಕವೂ ಅದೇ ತಪ್ಪಿನ ಕೂಸು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಹೆಸರಿಗೂ ಇಲ್ಲ, ಹುಳಿಗೆ ಕಾರಣ ಜಲಜನಕ. ತಪ್ಪು ತಿಳಿಯುವಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು, ತಿದ್ದುವ ಗೋಜಿಗೆ ಯಾರೂ ಹೋಗಲಿಲ್ಲ.

“ನೀವು ಟೀಚರಾ?” ಎಂದು ಅಜ್ಜಿ ಕೇಳಿದರು.

ಹೌದೆಂದೆ. ಬಂದಾಗಿನಿಂದ ಯಾರೂ ಇದನ್ನು ಕೇಳಿರಲಿಲ್ಲ. ಸಾರಜನಕಕ್ಕೆ ತಮ್ಮಲ್ಲಿ ಉಸಿರುಗಟ್ಟಿಸುವ ವಸ್ತು ಎನ್ನುತ್ತಾರೆ, ಅದ್ಯಾಕೆಂದು ನಾಳೆ ಹೇಳಿಕೊಡಬೇಕು ಎಂದರು ಅಜ್ಜಿ.

ಮರುದಿನ ಬೆಳಿಗ್ಗೆ ವೀಸಾ ಕಚೇರಿಯಲ್ಲಿ ಗಂಡ ಎಂದಿನಂತೆ ‘ಹೌಸ್‌ಫ್ರೌ’ ಬರೆದರು. ನಾನು ಪೆನ್ನು ಕಸಿದುಕೊಂಡೆ.

“ತಪ್ಪ ಬರದೀರಿ. ನಾ ಕೆಮಿಸ್ಟ್ರಿ ಕಲಿಸಾಕಿ.”

“ಏನ್ ಬರದ್ರೂ ಅವ್ರು ಕೆಲಸಕ್ಕ ಬಿಡಂಗಿಲ್ಲ,” ಎಂದರು. ಅವರೂ ಸೋತಿದ್ದರು.

“ಬ್ಯಾಡ ಬಿಡ್ರಿ. ಬರದದ್ದರ ಖರೇ ಇರ್ಲಿ.”

ಅವರು ಬರೆದದ್ದನ್ನು ಹೊಡೆದುಹಾಕಿ, ರಸಾಯನಶಾಸ್ತ್ರದ ಅಧ್ಯಾಪಕಿ ಎಂದು ಬರೆದೆ. ಅಧಿಕಾರಿ ಅದನ್ನು ಓದಲೂ ಇಲ್ಲ. ಪಾಸ್‌ಪೋರ್ಟಿಗೆ ಮತ್ತೆ ಅದೇ ಮುದ್ರೆ ಬಿತ್ತು. ಮನೆ ಮುಟ್ಟಿದ ಮೇಲೆ ಗಂಡ ಮೆಟ್ಟಿಲು ಹತ್ತಿದರು, ನಾನು ಕೆಳಗೇ ನಿಂತು ಅಜ್ಜಿಯ ಕರೆಗಂಟೆ ಒತ್ತಿದೆ. ಬಾಗಿಲು ತೆರೆದ ಅವರ ಕೈಯಲ್ಲಿ ಹೊಸದೊಂದು ನೋಟ್‌ಬುಕ್ ಇತ್ತು.