ನೀಡುವವರಿಲ್ಲದ ನಲ್ಲಿ

ಓದಲೆಂದು ಭೂಮಿಯ ದಕ್ಷಿಣ ತುದಿಯ ಈ ದೇಶದ ಪಾಮರ್ಸ್ಟನ್ ನಾರ್ತ್‌ಗೆ ಬಂದ ಮೊದಲ ತಿಂಗಳಲ್ಲೇ, ಒಂದು ಭಾನುವಾರ ಬೆಳಿಗ್ಗೆ, ಪಕ್ಕದ ಮನೆಯ ಮುದುಕರೊಬ್ಬರು ಬೇಲಿಯ ಆಚೆಯಿಂದ ನನ್ನನ್ನು ಕರೆದು ಒಂದು ಚೀಲ ಹಸಿರು ಹಣ್ಣನ್ನೂ ಲೇಬಲ್ ಇಲ್ಲದ ಕಂದು ಬಾಟಲಿಯೊಂದನ್ನೂ ಕೈಗಿತ್ತರು. ಹಣ್ಣಿನ ಹೆಸರು ಫಿಜೋವಾ. ಪೇರಲದಂಥ ಪರಿಮಳ, ಹುಳಿ ಬೆರೆತ ಸಿಹಿ. ಚಳಿಗಾಲಕ್ಕೆ ಮುಂಚೆ ಇಲ್ಲಿಯ ಹಿತ್ತಿಲುಗಳಲ್ಲಿ ಅದು ಎಷ್ಟು ಉದುರುತ್ತದೆಂದರೆ ಜನ ಮಾರುವುದಕ್ಕಿಂತ ಹಂಚುವುದೇ ಹೆಚ್ಚು. ಬಾಟಲಿಯಲ್ಲಿದ್ದುದು ಅವರೇ ಮನೆಯಲ್ಲಿ ಮಾಡಿದ ಬೀರು. ಎರಡರ ಬಗ್ಗೆಯೂ ಅವರು ಒಂದೇ ದನಿಯಲ್ಲಿ ಹೇಳಿದರು, ಎರಡೂ ಹಿತ್ತಿಲ ಬೆಳೆಯೇ ಎಂಬಂತೆ. ನಾನು ಬಾಟಲಿಯನ್ನು ಜಾಕೆಟ್ಟಿನೊಳಗೆ ಮುಚ್ಚಿಕೊಂಡು ಮನೆಯೊಳಗೆ ಓಡಿದೆ.

ಓಡಿದ್ದಕ್ಕೆ ಕಾರಣವಿತ್ತು. ನಾನು ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದು ಕಾಲೇಜು ಓದಿದವನು. ಅಕ್ಕನ ಗಂಡ, ನಮ್ಮ ಭಾವ, ಕುಡಿದು ಕುಡಿದು ಲಿವರ್ ಕೆಟ್ಟು ತೀರಿಕೊಂಡರು. ಆಮೇಲೆ ಗಿರಿಜಕ್ಕ ಮನೆಯ ಮುಂದಿನ ಕೋಣೆಯಲ್ಲೇ ಖಾನಾವಳಿ ಹಾಕಿ, ದಿನಕ್ಕೆ ಎರಡು ಹೊತ್ತು ರೊಟ್ಟಿ ಬಡಿದು, ತನ್ನ ಸಂಸಾರವನ್ನೂ ನನ್ನ ಓದನ್ನೂ ಸಾಗಿಸಿದಳು. ನಮ್ಮ ಕಡೆ ಮನೆಯಲ್ಲಿ ಮಾಡಿದ ಮದ್ಯವೆಂದರೆ ಕಳ್ಳಭಟ್ಟಿ. ಪೊಲೀಸರು, ಆಸ್ಪತ್ರೆ, ಅಳುವ ಹೆಂಗಸರು, ಎಲ್ಲವೂ ಆ ಮಾತಿನ ಹಿಂದೆಯೇ ಬರುತ್ತವೆ. ಇಲ್ಲಿ ನೋಡಿದರೆ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟರು, ಬಾಚಿದ ಬಿಳಿ ತಲೆ, ಒಗೆದು ಇಸ್ತ್ರಿ ಮಾಡಿದ ಅಂಗಿ, ರಸ್ತೆಗೆ ಕಾಣುವಂತೆ ನಿಂತು ತಾವು ಮಾಡಿದ ಬೀರನ್ನು ಪರವೂರಿನ ಹುಡುಗನಿಗೆ ಕೊಡುತ್ತಾರೆ. ಅವರ ಹೆಸರು ಬ್ರಯಾನ್. ಸ್ವಂತಕ್ಕೆ ಬೀರು ಮಾಡಿಕೊಳ್ಳಲು ಈ ದೇಶದಲ್ಲಿ ಯಾರ ಅಪ್ಪಣೆಯೂ ಬೇಡ ಎಂದು ನನಗೆ ಆಮೇಲೆ ತಿಳಿಯಿತು.

ಓದು ಮುಗಿದು, ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ, ಅದೇ ಬೀದಿಯ ಅದೇ ಪುಟ್ಟ ಬಾಡಿಗೆ ಮನೆಯಲ್ಲಿ ಉಳಿದೆ. ಇಲ್ಲಿ ಡೇರಿ ಎಂದರೆ ಹಾಲಿನ ಕೇಂದ್ರವಲ್ಲ, ಬೀದಿ ಮೂಲೆಯ ಕಿರಾಣಿ ಅಂಗಡಿ. ಫ್ಲ್ಯಾಟ್ ಎಂದರೆ ಅಪಾರ್ಟ್‌ಮೆಂಟಲ್ಲ, ನಾಲ್ಕು ಜನ ಹಂಚಿಕೊಂಡಿರುವ ಬಾಡಿಗೆ ಮನೆ. ಇಂಥವನ್ನೆಲ್ಲ ಬೇಗ ಕಲಿತೆ. ಶನಿವಾರ ಕಳೆಯುವುದನ್ನು ಮಾತ್ರ ಕಲಿಯಲಾಗಲಿಲ್ಲ. ಸಪಾಟಾದ ರಸ್ತೆಗಳು, ಎಡೆಬಿಡದ ಗಾಳಿ, ದೂರದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು. ಸೈಕಲ್ ತುಳಿದು ಊರು ಸುತ್ತಿ ಬಂದರೂ ಒಬ್ಬರ ಹತ್ತಿರವೂ ಮಾತಾಡಿರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಜನ ಸುಮ್ಮನೆ ಬರುತ್ತಾರೆ. ಇಲ್ಲಿ ಬರಬೇಕಾದರೆ ಒಂದು ನೆಪ ಬೇಕು.

ಆ ನೆಪ ಬ್ರಯಾನರ ಗ್ಯಾರೇಜಿನಲ್ಲಿ ಸಿಕ್ಕಿತು. ಬೀರು ಮಾಡುವುದನ್ನು ಅವರು ಅಲ್ಲಿ ನನಗೆ ಕಲಿಸಿದರು. ಮೊಳಕೆ ಬರಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸೋಸುವುದು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುವುದು, ಆರಿಸಿ ಯೀಸ್ಟ್ ಹಾಕಿ ಹುದುಗಲು ಬಿಡುವುದು. ಇದರಲ್ಲಿ ಮುಕ್ಕಾಲು ಭಾಗ ಪಾತ್ರೆ ತೊಳೆಯುವ ಕೆಲಸ. ಹಾಲಿನ ಕೊಳವೆಗಳನ್ನು ತೊಳೆಸುವುದೇ ನನ್ನ ಉದ್ಯೋಗವಾದ್ದರಿಂದ ನಾನು ಅದರಲ್ಲಿ ಬೇಗ ಪಳಗಿದೆ. ನಾನು ಮಾಡಿದ ಬೀರು ಚೆನ್ನಾಗಿದೆ ಎಂದು ಸುದ್ದಿಯಾಯಿತು. ಈ ಊರಿನ ಕನ್ನಡದವರು, ಕಾರ್ಖಾನೆಯ ಸಹೋದ್ಯೋಗಿಗಳು ಶನಿವಾರ ಮಧ್ಯಾಹ್ನ ನನ್ನ ಮನೆಗೆ ಬರತೊಡಗಿದರು. ಅಕ್ಕನಿಗೆ ನಾನು ಇದನ್ನು ಹೇಳಲಿಲ್ಲ. ಗೆಳೆಯರು ಊಟಕ್ಕೆ ಬರುತ್ತಾರೆ ಎಂದಷ್ಟೇ ಹೇಳುತ್ತಿದ್ದೆ.

ಒಂದೊಂದೇ ಬಾಟಲಿ ತೊಳೆದು, ತುಂಬಿ, ಮುಚ್ಚಳ ಒತ್ತುವುದು ಸಾಕಾಗಿ, ಕೆಗ್ ತರೋಣವೆಂದು ಯೋಚಿಸಿದೆ. ಕೆಗ್ ಎಂದರೆ ಬೀರು ತುಂಬಿಡುವ ಸ್ಟೀಲಿನ ಡಬ್ಬಿ. ಗ್ಯಾಸ್ ಒತ್ತಡದಿಂದ ಬೀರು ನಲ್ಲಿಗೆ ಬರುತ್ತದೆ. ಅಂಗಡಿಯವನು ಹೋಟೆಲುಗಳಲ್ಲಿ ಇರುವಂಥ ಮೂರು ನಲ್ಲಿಯ ಹೊಳೆಯುವ ಕಂಬವನ್ನು ತೋರಿಸಿದ. ಬ್ರಯಾನ್ ನನ್ನನ್ನು ಪಕ್ಕಕ್ಕೆ ಕರೆದು, ಬಿಚ್ಚಿ ತೊಳೆಯಲಾಗದ್ದನ್ನು ಕೊಳ್ಳಬೇಡ ಎಂದರು. ಅವರ ಮಾತಿನಂತೆ ತಂಪು ಪಾನೀಯದ ಕಂಪನಿಗಳು ಹಿಂದೆ ಬಳಸುತ್ತಿದ್ದಂಥ ಹಳೆಯ ಕೆಗ್ ಒಂದು, ಸಣ್ಣ ಗ್ಯಾಸ್ ಸಿಲಿಂಡರ್, ಒಂದು ಕೊಳವೆ, ಅದರ ತುದಿಗೆ ಹೆಬ್ಬೆರಳಿನಿಂದ ಒತ್ತಿದರೆ ತೆರೆಯುವ ಪ್ಲಾಸ್ಟಿಕ್ ನಲ್ಲಿ, ಇಷ್ಟನ್ನೇ ತಂದೆ. ನನ್ನ ಮನೆಯ ಗ್ಯಾರೇಜಿನ ಹಳೆಯ ಫ್ರಿಜ್ಜಿನೊಳಗೆ ಎಲ್ಲವೂ ಹಿಡಿಸಿತು. ಮೊದಲ ದಿನ ಗ್ಲಾಸಿನ ತುಂಬ ಬರೀ ನೊರೆ ಬಂತು. ಕೊಳವೆ ಉದ್ದ ಮಾಡು, ಒತ್ತಡ ಇಳಿಸು ಎಂದು ಬ್ರಯಾನ್ ಹೇಳಿಕೊಟ್ಟರು. ಆಮೇಲೆ ಜೇನಿನ ಬಣ್ಣದ ಬೀರು ತಣ್ಣಗೆ ಇಳಿದು ಬಂತು.

ಇಲ್ಲಿಯ ಆತಿಥ್ಯದ ದೊಡ್ಡ ಮಾತೆಂದರೆ, ನಿಮಗೆ ಬೇಕಾದ್ದನ್ನು ನೀವೇ ತಗೊಳ್ಳಿ. ಅತಿಥಿಗೆ ನಮ್ಮ ಫ್ರಿಜ್ಜಿನ ಬಾಗಿಲು ತೆಗೆಯುವ ಸಲಿಗೆ ಕೊಡುವುದೇ ಮರ್ಯಾದೆ. ನಾನೂ ನಲ್ಲಿಯನ್ನು ತೋರಿಸಿ ಅದೇ ಮಾತು ಹೇಳಿ ಕುಳಿತುಬಿಡುತ್ತಿದ್ದೆ. ಗ್ಯಾರೇಜು ತುಂಬ ಜನ, ನಗು, ಕನ್ನಡ. ನನ್ನ ಊರೇ ನನ್ನ ಬಳಿಗೆ ಬಂದಂತೆ ಅನಿಸುತ್ತಿತ್ತು.

ತಪ್ಪದೆ ಬರುತ್ತಿದ್ದವರು ಮಹೇಶ್ ಮತ್ತು ರೇಖಾ. ಮೈಸೂರಿನವರು. ಆತ ಸಾಫ್ಟ್‌ವೇರಿನಲ್ಲಿದ್ದ, ಆಕೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಮಹೇಶ ಬಂದರೆ ಗ್ಯಾರೇಜಿಗೆ ಕಳೆ. ರೇಖಾ ಹೆಚ್ಚು ಮಾತಾಡುತ್ತಿರಲಿಲ್ಲ. ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿರುತ್ತಿದ್ದಳು. ಹೋಗುವಾಗ ಕಾರಿನ ಕೀಲಿಗಾಗಿ ಗಂಡ ಹೆಂಡತಿ ಎಳೆದಾಡುವುದು, ಮಹೇಶ ನಗುತ್ತ ಕೀಲಿಯನ್ನು ಮೇಲಕ್ಕೆತ್ತಿ ಹಿಡಿಯುವುದು, ನಾವೆಲ್ಲ ನಗುವುದು, ಇದೂ ಶನಿವಾರದ ಒಂದು ಭಾಗವಾಗಿತ್ತು. ಬಾಟಲಿಯಿದ್ದಾಗ ಖಾಲಿಯಾದವು ಮೇಜಿನ ಮೇಲೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದವು. ನಲ್ಲಿ ಬಂದ ಮೇಲೆ ಪ್ರತಿಯೊಬ್ಬರ ಕೈಯಲ್ಲೂ ಯಾವಾಗಲೂ ಒಂದೇ ಗ್ಲಾಸು.

ಇಲ್ಲಿಯ ಕಳೆದ ಬೇಸಿಗೆಯಲ್ಲಿ, ಅಂದರೆ ಹುಬ್ಬಳ್ಳಿಯಲ್ಲಿ ಚಳಿ ಬೀಳುವ ಹೊತ್ತಿಗೆ, ಅಕ್ಕ ಬಂದಳು. ಖಾನಾವಳಿಯನ್ನು ಮಗಳಿಗೆ ಒಪ್ಪಿಸಿ, ಜೋಳದ ಹಿಟ್ಟು ಕಟ್ಟಿಕೊಂಡು, ಮೊದಲ ಸಲ ವಿಮಾನ ಹತ್ತಿ ಬಂದಿದ್ದಳು. ನಾನು ಗ್ಯಾರೇಜಿನ ಸಾಮಾನಿನ ಮೇಲೆ ಚಾದರ ಹೊದಿಸಿ ಬೀಗ ಹಾಕಿದೆ. ಆದರೆ ಗೆಳೆಯರು ಅಕ್ಕನನ್ನು ನೋಡಬೇಕೆಂದರು. ಅಕ್ಕನಿಗೂ ಅವರಿಗೆಲ್ಲ ರೊಟ್ಟಿ ಮಾಡಿ ಹಾಕುವ ಆಸೆ. ಮಹೇಶ ಫೋನು ಮಾಡಿ, ಅಕ್ಕ ಬಂದರೆಂದು ಕೆಗ್ ಖಾಲಿ ಇಟ್ಟಿಲ್ಲ ತಾನೆ ಎಂದು ನಗುತ್ತ ಕೇಳಿದ. ಈ ಸಲ ಬೀರು ಇರುವುದಿಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಬೀರಿಲ್ಲದಿದ್ದರೆ ಇವರು ಬರುತ್ತಾರೆಯೇ ಎಂಬ ಅಳುಕು ಒಳಗೊಳಗೇ ಇತ್ತು. ಗಂಡಸರು ಗ್ಯಾರೇಜಿನಲ್ಲಿ, ಅಕ್ಕ ಅಡುಗೆಮನೆಯಲ್ಲಿ, ಹೇಗೋ ಸಾಗುತ್ತದೆ ಎಂದುಕೊಂಡೆ.

ಸಾಗಲಿಲ್ಲ. ಊಟಕ್ಕೆ ಕರೆಯಲು ಅಕ್ಕ ತಾನೇ ಗ್ಯಾರೇಜಿನ ಬಾಗಿಲಿಗೆ ಬಂದಳು. ನಾನು ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೊಳವೆಯನ್ನು ಸರಿಮಾಡುತ್ತಿದ್ದೆ, ಇನ್ನೊಂದು ಕೈಯಲ್ಲಿ ತುಂಬಿದ ಗ್ಲಾಸು. ಅಕ್ಕ ನನ್ನನ್ನು ನೋಡಿದಳು, ನಲ್ಲಿಯನ್ನು ನೋಡಿದಳು, ಊಟಕ್ಕೆ ಏಳಿರಿ ಎಂದು ಎಲ್ಲರಿಗೂ ಹೇಳಿ ಹೋದಳು. ಊಟದುದ್ದಕ್ಕೂ ಒಬ್ಬೊಬ್ಬರ ಹತ್ತಿರ ನಿಂತು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ನೀಡಿದಳು. ನನ್ನ ತಟ್ಟೆಗೂ ನೀಡಿ ಮುಂದೆ ಹೋದಳು.

ಸಂಜೆ ಎಲ್ಲರೂ ಹೊರಟರು. ಅಂಗಳದಲ್ಲಿ ಮಹೇಶ ಎಂದಿನಂತೆ ಕೀಲಿಯನ್ನು ಎತ್ತಿ ಹಿಡಿದ, ರೇಖಾ ಎಂದಿನಂತೆ ಕೈಚಾಚಿದಳು. ನಾವು ಎಂದಿನಂತೆ ನಗತೊಡಗಿದೆವು. ಅಕ್ಕ ಒಳಗಿನಿಂದ ಬಂದು ಮಹೇಶನ ಎದುರು ನಿಂತಳು.

“ತಮ್ಮಾ, ಚಾವಿ ಆಕಿ ಕೈಯಾಗ ಕೊಡು” ಎಂದಳು. ದನಿ ಏರಿಸಲಿಲ್ಲ.

ಮಹೇಶನ ನಗು ಹಾಗೇ ಮುಖದ ಮೇಲೆ ನಿಂತಿತು. ಹಿರಿಯರ ಮಾತು ಮೀರಲಾರದೆ ಹೆಂಡತಿಗೆ ಕೀಲಿ ಕೊಟ್ಟ. ರೇಖಾ ಯಾರನ್ನೂ ನೋಡದೆ ಕಾರಿಗೆ ಹತ್ತಿದಳು. ಆಕೆಗೆ ಅದು ಆಟವಾಗಿರಲಿಲ್ಲ ಎಂದು ನನಗೆ ಅವತ್ತು ಮೊದಲ ಸಲ ಹೊಳೆಯಿತು. ಅಷ್ಟು ಶನಿವಾರ ನಾನು ನೋಡಿದ್ದು ಏನನ್ನು?

ಎಲ್ಲರೂ ಹೋದ ಮೇಲೆ ಪಾತ್ರೆ ತಿಕ್ಕುತ್ತ ಅಕ್ಕ ಮಾತಾಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಆ ಹುಡುಗಿ ನನ್ನ ಸಂಗಾಟ ರೊಟ್ಟಿ ಬಡಿಯಾಕ ಬಂದಿದ್ಲು. ಎಷ್ಟು ವರ್ಷದಿಂದ ಹಿಂಗ ಕುಡೀತಾನವ್ವಾ ಅಂತ ಕೇಳಿದೆ. ಅಳಾಕತ್ತಿದ್ಲು.” ತೊಳೆದ ತಟ್ಟೆಯನ್ನು ನನ್ನ ಕೈಗಿಟ್ಟಳು. “ಬಸೂ, ನನ್ನ ಖಾನಾವಳ್ಯಾಗ ದಿನಾ ಎಷ್ಟು ಮಂದಿ ಉಣ್ತಾರ. ನಾ ನಿಂತು ನೀಡ್ತೀನಿ. ನೀಡೋರಿಗೆ ಗೊತ್ತಾಗ್ತದ, ಯಾರಿಗೆ ಇನ್ನೊಂದು ಬೇಕು, ಯಾರಿಗೆ ಸಾಕು ಅಂತ. ನೀ ನಲ್ಲಿ ಹಚ್ಚಿ ಕುಂತಬಿಟ್ಟಿ. ಮಂದಿ ಮಾರಿ ನೋಡಲೇ ಇಲ್ಲ.”

ಭಾವನ ಹೆಸರನ್ನು ಅವಳು ಎತ್ತಲಿಲ್ಲ. ಅವಳ ಮನೆಯಲ್ಲಿದ್ದು, ಭಾವ ಬರುವ ಹೊತ್ತಿಗೆ ಅವಳ ಮುಖ ಹೇಗಾಗುತ್ತಿತ್ತೆಂದು ದಿನವೂ ಕಂಡವನು ನಾನು. ಅದೇ ಮುಖ ನನ್ನ ಗ್ಯಾರೇಜಿನ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಾಗ ನನಗೆ ಗುರುತು ಸಿಗಲಿಲ್ಲ. ಹುಬ್ಬಳ್ಳಿಯ ಗಲ್ಲಿಯ ಕತ್ತಲು, ನಾತ ಇಲ್ಲದ್ದರಿಂದ, ಬಿಸಿಲು, ಹೂವಿನ ಪರಿಮಳ, ಸ್ವಚ್ಛ ಗ್ಲಾಸು ಇದ್ದುದರಿಂದ, ಇದು ಬೇರೆಯೇ ವಸ್ತು ಎಂದು ನಂಬಿಕೊಂಡಿದ್ದೆ. ನಂಬಲು ನನಗೆ ಲಾಭವಿತ್ತು. ನನಗೆ ಜನ ಬೇಕಿತ್ತು.

ಅಕ್ಕ ಊರಿಗೆ ಮರಳಿದ ಮೇಲೆ ಬ್ರಯಾನರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು, ಬೆಳೆದ ಮನುಷ್ಯನೊಬ್ಬ ಎಷ್ಟು ಕುಡಿಯುತ್ತಾನೆಂಬುದು ಅವನ ವಿಷಯ, ಅದನ್ನು ಕೇಳುವುದು ಇಲ್ಲಿ ಸಭ್ಯತೆಯಲ್ಲ ಎಂದರು. ಆಮೇಲೆ, ಕೇಳದೆ ಬಿಟ್ಟದ್ದರಿಂದ ಕಳೆದುಕೊಂಡ ಗೆಳೆಯನೊಬ್ಬ ತಮಗೂ ಇದ್ದ ಎಂದರು. ನಾನು ಮಹೇಶನನ್ನು ನದಿ ದಂಡೆಯ ಹಾದಿಗೆ ಕರೆದುಕೊಂಡು ಹೋಗಿ, ಇನ್ನು ನಮ್ಮ ಮನೆಯಲ್ಲಿ ನಲ್ಲಿ ನನ್ನ ಕೈಯಲ್ಲೇ ಇರುತ್ತದೆ, ನೀನು ವೈದ್ಯರನ್ನು ಕಾಣು ಎಂದೆ. ಆತ ನಿಂತು, “ನನ್ನ ಕೈಗೆ ಗ್ಲಾಸ್ ಕೊಟ್ಟೋರು ಯಾರು, ಬಸವರಾಜ್?” ಎಂದು ಕೇಳಿ ಹಿಂದಿರುಗಿ ನಡೆದ.

ಗಂಡ ಹೆಂಡತಿ ಇಬ್ಬರೂ ಬರುವುದು ನಿಂತಿತು. ನಾನು ಸರಿಯಾದದ್ದನ್ನೇ ಮಾಡಿದೆ ಎಂದುಕೊಂಡೆ. ಒಂದು ದಿನ ಸೂಪರ್‌ಮಾರ್ಕೆಟ್ಟಿನಲ್ಲಿ ರೇಖಾ ಸಿಕ್ಕಳು. ಕ್ಷಮೆ ಕೇಳಿದೆ.

“ನಿಮ್ಮನೇಗೆ ಬರೋ ಶನಿವಾರ ನನಗೆ ಭಯ ಇತ್ತು, ನಿಜ,” ಎಂದಳು. “ಆದ್ರೆ ಅಲ್ಲಿ ನಾಲ್ಕು ಜನ ಇರ್ತಿದ್ರು. ಈಗ ಮನೇಲಿ ಅವರು ಕುಡೀತಾರೆ, ನಾನೊಬ್ಳೇ ಇರ್ತೀನಿ. ನೀವು ಅವ್ರಿಗೆ ಬಾಗಿಲು ಹಾಕಿದ್ರಿ. ನಾನೂ ಹೊರಗೇ ಉಳಿದೆ.”

ನಲ್ಲಿ ಬಿಟ್ಟು ಕುಳಿತವನೂ ನಾನೇ, ನಲ್ಲಿ ಮುಚ್ಚಿ ಕೈತೊಳೆದುಕೊಂಡವನೂ ನಾನೇ. ಅಕ್ಕ ಆಗಿದ್ದರೆ ಮೊದಲು ಈಕೆಯನ್ನು ಕೇಳುತ್ತಿದ್ದಳು. ಬರುವ ಶನಿವಾರ ಊಟಕ್ಕೆ ಬನ್ನಿ, ಒಬ್ಬರೇ ಆದರೂ ಬನ್ನಿ ಎಂದೆ. ಆಕೆ ಬಂದಳು, ತಾನೇ ಕಾರು ಓಡಿಸಿಕೊಂಡು. ಉಳಿದವರ ನಡುವೆ ಕೂತು ಉಂಡಳು. ಎರಡನೆಯ ಸಲ ಬಂದಾಗ ಅಕ್ಕನ ನಂಬರು ಕೇಳಿದಳು. ಇಲ್ಲಿಯ ಚಳಿಗಾಲ ಮುಗಿಯುವ ಹೊತ್ತಿಗೆ ಮಹೇಶ ವೈದ್ಯರ ಬಳಿ ಹೋಗಲು ಒಪ್ಪಿದ. ಕೆಲವು ವಾರ ಚೆನ್ನಾಗಿರುತ್ತಾನಂತೆ, ಕೆಲವು ವಾರ ಇಲ್ಲವಂತೆ. ನನ್ನ ಮನೆಗೆ ಅವನು ಇನ್ನೂ ಬಂದಿಲ್ಲ.

ದೊಡ್ಡ ಕೆಗ್ಗನ್ನು ಬ್ರಯಾನರಿಗೆ ಕೊಟ್ಟು, ಒಂದು ಮಧ್ಯಾಹ್ನಕ್ಕಷ್ಟೇ ಸಾಲುವ ಸಣ್ಣದೊಂದನ್ನು ತಂದಿದ್ದೇನೆ. ಅದನ್ನು ಊಟದ ಮೇಜಿನ ಮೇಲೆ ನನ್ನ ಪಕ್ಕದಲ್ಲೇ ಇಟ್ಟುಕೊಂಡು, ಕೇಳಿ, ಮುಖ ನೋಡಿ, ನಾನೇ ಹಾಕಿಕೊಡುತ್ತೇನೆ. ಕಾರ್ಖಾನೆಯ ಸ್ಥಳೀಯ ಗೆಳೆಯರಿಗೆ ಇದು ವಿಚಿತ್ರ. ನಮ್ಮನ್ನು ಮಕ್ಕಳಂತೆ ನೋಡುತ್ತೀಯ ಎನ್ನುತ್ತಾರೆ. ಕನ್ನಡದವರಲ್ಲಿ ಒಬ್ಬಿಬ್ಬರು ನಾನು ಜಿಪುಣನಾಗಿದ್ದೇನೆ ಎಂದಿದ್ದಾರೆ. ಬರುವವರು ಕಡಿಮೆಯಾಗಿದ್ದಾರೆ. ಈ ನಾಡಿಗೆ ಬಂದು ನಾನು ಪ್ರೀತಿಯಿಂದ ಕಲಿತ ವಿದ್ಯೆ ಇದೊಂದೇ, ಅದನ್ನು ಅಕ್ಕನೆದುರು ಹೆಮ್ಮೆಯಿಂದ ಹೇಳಲಾರೆ. ಅಕ್ಕ ಕಲಿಸಿದ್ದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಲಾರೆ; ನೀಡುವುದು ಎಂಬುದಕ್ಕೆ ನನಗೆ ಅವರ ಭಾಷೆಯಲ್ಲಿ ಸರಿಯಾದ ಮಾತು ಸಿಕ್ಕಿಲ್ಲ.

ಹೋದ ವಾರ ಬಾರ್ಲಿಯ ನೀರು ಕುದಿಯುತ್ತಿದ್ದಾಗ ಅಕ್ಕನ ಫೋನು ಬಂತು. ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ಅಡುಗೆ ಎನ್ನಬಹುದಿತ್ತು.

“ಬೀರು ಮಾಡಾಕತ್ತೀನಿ, ಅಕ್ಕಾ” ಎಂದೆ.

ಆಚೆ ಕಡೆ ಹುಬ್ಬಳ್ಳಿಯ ರಸ್ತೆಯ ಹಾರ್ನುಗಳು ಕೇಳುತ್ತಿದ್ದವು.

“ರೇಖಾ ಬರ್ತಾಳೇನು ಈ ಶನಿವಾರ?” ಎಂದು ಕೇಳಿದಳು.

ಬರುತ್ತಾಳೆ ಎಂದೆ. ಹಾಗಾದರೆ ಅವಳಿಗೆ ಇಷ್ಟವಾದ ಎಣ್ಣೆಗಾಯಿ ಮಾಡು ಎಂದು, ಬದನೆಕಾಯಿಯನ್ನು ಹೇಗೆ ಸೀಳಬೇಕೆಂದು ನಿಧಾನವಾಗಿ ಹೇಳತೊಡಗಿದಳು. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಒಂದು ಕೈಯಿಂದ ಆ ಕಹಿ ನೀರನ್ನು ಕದಡುತ್ತಲೇ, ಅವಳು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ನಿಂತಿದ್ದೆ.