ಯಾವ ಕಾಲು ಮೊದಲು

ಹೊಸ ಕಾರು ಬಂದ ಮೇಲೆ ದೊಡ್ಡಮ್ಮ ಹೂಡಿಗೆ ಹೋಗುವುದನ್ನೇ ಬಿಟ್ಟಳು. ಅಲ್ಲಿ ಅವಳ ತಂಗಿ, ನನ್ನ ಚಿಕ್ಕಮ್ಮ ಇದ್ದಾಳೆ. ಹಳೆಯ ಕಾರಿದ್ದಾಗ ತಿಂಗಳಿಗೊಮ್ಮೆಯಾದರೂ ಜಾಲಹಳ್ಳಿಯಿಂದ ಕರೆದುಕೊಂಡು ಹೋಗುತ್ತಿದ್ದೆ. ಅಕ್ಕತಂಗಿಯರು ಮಾತಿಗೆ ಕೂತರೆಂದರೆ ಕಾಫಿ ಲೋಟದಲ್ಲೇ ತಣ್ಣಗಾಗುತ್ತಿತ್ತು. ಹೊಸದು ಎತ್ತರದ ಗಾಡಿ. ಅವಳ ಬಲಮಂಡಿ ಅಷ್ಟು ಮೇಲಕ್ಕೆ ಏಳುವುದಿಲ್ಲ. ಒಮ್ಮೆ ತೋಳಿಗೆ ಕೈ ಹಾಕಿ ಎತ್ತಲು ಹೋದೆ.

“ಬಿಡೋ ಕೈನ! ನಾನೇನು ಅಕ್ಕಿ ಮೂಟೆನೇನೋ?” ಎಂದವಳು ಸೀದಾ ಮನೆಯೊಳಗೆ ಹೋಗಿ ಕೂತಳು.

ಬಾಗಿಲ ಕೆಳಗೆ ಹಾಕುವ ಫುಟ್‌ಸ್ಟೆಪ್ ಒಂದನ್ನು ತಂದೆ. ಅದನ್ನು ತಳಕ್ಕೆ ಬಿಗಿಯಲು ಜೊತೆಗೆ ಬಂದ ಬ್ರಾಕೆಟ್ಟು ನನ್ನ ಗಾಡಿಗೆ ಹೊಂದಲಿಲ್ಲ. ಬೇರೆ ಮಾಡಿಸೋಣವೆಂದು ಪೀಣ್ಯದ ವೆಲ್ಡಿಂಗ್ ಶೆಡ್ಡೊಂದಕ್ಕೆ ಹೋದೆ.

ಮೇಸ್ತ್ರಿ ಅಳತೆಗೆ ಟೇಪು ಹಿಡಿಯುತ್ತಾರೆಂದುಕೊಂಡರೆ, ಮಿಠಾಯಿ ಡಬ್ಬದ ರಟ್ಟು ಹರಿದುಕೊಂಡು ಕಾರಿನಡಿ ನುಸುಳಿದರು. ನಾನೂ ಬಗ್ಗಿ ನೋಡಿದೆ. ತಳದಲ್ಲಿ ಕಾರು ಮಾಡಿದವರೇ ಬಿಟ್ಟ ತೂತುಗಳಿದ್ದವು. ರಟ್ಟನ್ನು ಅಲ್ಲಿಗೊತ್ತಿ ಹೆಬ್ಬೆರಳಿಂದ ತಿಕ್ಕಿದರೆ, ತೂತಿನ ಅಂಚಿನ ಕೊಳೆಯೇ ಉಂಗುರದಂತೆ ಅಚ್ಚಾಗುತ್ತಿತ್ತು. ಆ ರಟ್ಟಿನಂತೆಯೇ ಕಬ್ಬಿಣದ ಪಟ್ಟಿ ಬಗ್ಗಿಸಿ, ತೂತು ಕೊರೆದು, ವೆಲ್ಡು ಮಾಡಿದರು. ಎಡಗಡೆ ಹಿಂಬಾಗಿಲ ಕೆಳಗೆ ಮೆಟ್ಟಿಲು ಕೂತಿತು. ಹತ್ತಿ ನಿಂತು ಕುಣಿದು ನೋಡಿದೆ, ಅಲ್ಲಾಡಲಿಲ್ಲ.

ಮನೆಯಲ್ಲಿ ದೊಡ್ಡಮ್ಮ ಅದರ ಮೇಲೆ ಕಾಲಿಟ್ಟಳು, ಅರ್ಧಕ್ಕೇ ನಿಂತಳು, ಇಳಿದಳು. “ಚೆನ್ನಾಗಿದೆ ಕಣೋ, ನಿಂಗೆ.”

ಮಾರನೆಯ ದಿನ ಮತ್ತೆ ಪೀಣ್ಯ. ಮೇಸ್ತ್ರಿ ಎಲ್ಲ ಕೇಳಿಕೊಂಡು, “ಅಮ್ಮೋರು ಯಾವ ಕಾಲು ಮೊದ್ಲು ಇಡ್ತಾರೆ ಸಾರ್?” ಅಂದರು.

ನನಗೆ ಮಾತು ಕಲಿಸಿದವಳೇ ದೊಡ್ಡಮ್ಮ. ಅವಳ ಗಾದೆಗಳೆಲ್ಲ ನನಗೆ ಬಾಯಿಪಾಠ. ಇದು ಮಾತ್ರ ಗೊತ್ತಿರಲಿಲ್ಲ.

“ಹೋಗಿ ನೋಡ್ಕೊಂಡ್ ಬನ್ನಿ. ಗಾಡಿ ಅಳತೆ ಆಯ್ತು, ಅವರ ಅಳತೆನೇ ತಗೊಂಡಿಲ್ಲ ನಾವು.”

ಸಂಜೆ ಅವಳು ಅಂಗಳದಿಂದ ಮನೆಯ ಮೂರು ಮೆಟ್ಟಿಲು ಹತ್ತುವುದನ್ನು ನೋಡುತ್ತ ನಿಂತೆ. ಎಡಗಾಲು ಮೇಲೆ, ಬಲಗಾಲು ಹಿಂದಿನಿಂದ ಬಂದು ಅದರ ಪಕ್ಕ ಸೇರುತ್ತಿತ್ತು. ಮೂರಕ್ಕೂ ಹಾಗೆಯೇ.

“ಏನೋ ಅದು, ನನ್ನ ಕಾಲನ್ನೇ ನೋಡ್ತಿದೀಯಾ? ಗೆಜ್ಜೆ ಮಾಡಿಸ್ತೀಯಾ?”

ಆಗ ಹೊಳೆಯಿತು. ಎಡಬಾಗಿಲಲ್ಲಿ ಹತ್ತುವವರು ಸೀಟಿಗೆ ಹತ್ತಿರದ ಬಲಗಾಲನ್ನೇ ಮೊದಲು ಎತ್ತಬೇಕು. ನೋಯುವ ಕಾಲಿಗೇ ನಾನು ಕೆಲಸ ಹಚ್ಚಿದ್ದೆ! ಬಲಬಾಗಿಲಾದರೆ ಎಡಗಾಲು ಮುಂದಾಗುತ್ತದೆ.

“ಹಂಗಾದ್ರೆ ಇದನ್ನೇ ಬಿಚ್ಚಿ ಆ ಕಡೆ ಹಾಕಿಬಿಡಿ,” ಎಂದೆ ಮರುದಿನ ಮೇಸ್ತ್ರಿಗೆ.

“ಬಗ್ಗಿ ನೋಡಿ ಸಾರ್.” ಬಲಗಡೆ ಸೈಲೆನ್ಸರಿನ ಕೊಳವೆ ಅಡ್ಡ ಹಾದಿತ್ತು. “ಮೇಲ್ಗಡೆ ಎರಡೂ ಕಡೆ ಒಂದೇ ಥರ. ಅಡೀಲಿ ಹಂಗಿರಲ್ಲ.” ಆ ಕಡೆಯ ಅಳತೆಗೆ ಇನ್ನೊಂದು ಡಬ್ಬ ಹರಿದರು.

“ಇಷ್ಟೊಂದು ಮಿಠಾಯಿ ಯಾರು ತಿಂತಾರೆ ಮೇಸ್ತ್ರಿ?”

“ಕೆಲ್ಸ ಸರಿಹೋದ್ರೆ ಗಿರಾಕಿಗಳು ತಂದ್ಕೊಡ್ತಾರೆ. ನೀವಿನ್ನೂ ತಂದಿಲ್ಲ.”

ಭಾನುವಾರ ಬೆಳಗ್ಗೆ ಬಲಬಾಗಿಲು ತೆರೆದು ದೂರ ನಿಂತೆ. ದೊಡ್ಡಮ್ಮ ಮೇಲಿನ ಹಿಡಿ ಹಿಡಿದಳು, ಮೆಟ್ಟಿಲಿಗೆ ಎಡಗಾಲಿಟ್ಟಳು, ಸೀರೆ ಸರಿಮಾಡಿಕೊಂಡು ಒಳಗೆ ಕೂತಳು. ನಾನು ಗಾಡಿ ತೆಗೆಯಲು ಹೊರಟರೆ, ಬಲಗಾಲನ್ನು ಮೊದಲು ಕೆಳಗಿಟ್ಟು ಮೆಲ್ಲಗೆ ಇಳಿದುಬಿಟ್ಟಳು.

“ಯಾಕೆ ದೊಡ್ಡಮ್ಮ, ನೋವಾಯ್ತಾ?”

“ಹೂಡೀಲಿ ಇಳಿಯೋದು ಬೇಡ್ವೇನೋ ನಾನು?” ಎಂದು ಮತ್ತೆ ಹತ್ತಿ, ಬಾಗಿಲನ್ನು ತಾನೇ ಎಳೆದುಕೊಂಡಳು.